ಕರ್ತೃನಿರ್ಣಯವೂ ಗುಣನಿರ್ಣಯವೂ

ಒಂದು ಒಳ್ಳೆಯ ಪದ್ಯವನ್ನು ಕೇಳಿದೊಡನೆ ‘ಇದು ಯಾರದು?’ ಎಂದು ಕೇಳುವುದು ನಮ್ಮೆಲ್ಲರ ಸ್ವಭಾವ. ‘ಇದು ಹೇಗಿದೆ?’ ಎಂಬ ಪ್ರಶ್ನೆಯು ಅದರ ಹಿಂದಿನಿಂದ ಬರುವುದು. ಅನೇಕ ವೇಳೆ ಬರುವುದೇ ಇಲ್ಲ. ಮೊದಲನೆಯದನ್ನು ಕರ್ತೃನಿರ್ಣಯವೆಂದೂ ಎರಡನೆಯದನ್ನು ಗುಣನಿರ್ಣಯವೆಂದೂ ಕರೆಯಬಹುದು. ಇವು ಬೇರೆ ಬೇರೆ ವ್ಯಾಪಾರಗಳು. ಆದರೂ ಒಂದರ ಉತ್ತರವನ್ನೇ ಮತ್ತೊಂದರ ಉತ್ತರವೆಂದು ಭ್ರಮಿಸಿ ಪಂಡಿತರೂ ಪಾಮರರೂ ಸಮಾನವಾಗಿ ಮೋಸಹೋಗುವುದುಂಟು. ಈ ಭ್ರಮೆಯ ಸ್ವರೂಪವನ್ನು ತಿಳಿಯುವುದಕ್ಕೆ ಕಾವ್ಯಕ್ಕಿಂತಲೂ ಚಿತ್ರಕಲೆಯೇ ಅನುಕೂಲವಾದ ಕ್ಷೇತ್ರವೆಂದು ನನಗೆ ತೋರುವುದು. ಪದ್ಯವನ್ನು ಎಷ್ಟು ಜನ ಬೇಕಾದರೂ ಬರೆದಿಟ್ಟುಕೊಳ್ಳಬಹುದು. ಚಿತ್ರಪಟವಾದರೋ ಒಂದೇ ಒಂದು. ಅದನ್ನು ಕೊಳ್ಳುವವನು ಪಟಕ್ಕೆ ಮಾತ್ರವಲ್ಲ, ಅದರ ಮೂಲೆಯಲ್ಲಿರುವ ಹೆಸರಿಗೂ ಸೇರಿಸಿ ಹಣವನ್ನು ಎಣಿಸುತ್ತಾನೆ. ಆದುದರಿಂದ ಹೆಸರಿನ ತೂಕವೆಷ್ಟು, ಚಿತ್ರದ ತೂಕವೆಷ್ಟು ಎಂಬುದು ಅಲ್ಲಿ ಸ್ಪಷ್ಟವಾಗಿ ಬಯಲಾಗುವುದು. ಫ್ರಾನ್ಸ್ ದೇಶದಲ್ಲಿ ನಡೆದ ಅಂತಹ ಒಂದು ಪ್ರಸಂಗವನ್ನು ಹಿಡಿದು ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡಲು ಬಯಸುತ್ತೇನೆ.

೧೮೮೩ನೆಯ ಇಸವಿಯ ಮಾತು. ಆಗಿನ ಪ್ರಸಿದ್ಧ ನಾಟಕಕಾರನಾದ ಕಿರಿಯ ಅಲೆಕ್ಸಾಂಡರ್ ಡ್ಯೂಮಾ ಎಂಬಾತನು ಒಂದು ಗ್ರಾಮದೃಶ್ಯದ ತೈಲಚಿತ್ರವನ್ನು ಕೊಂಡುಕೊಂಡನು. ಅದರ ಹೆಸರು ‘ಗಬೂರೆಯ ಬುಗ್ಗೆ’. ಪಟದ ಮೇಲೆ ‘ಕೊರೋ’ ಎಂಬ ರುಜುವಿದ್ದಿತು. ಕೊರೋ ಗತಿಸಿ ಆಗ ಎಂಟು ವರ್ಷಗಳಾಗಿದ್ದುವು. ಅವನ ಕೀರ್ತಿಯೂ ಅವನ ಪಟಗಳ ಬೆಲೆಯೂ ದಿನದಿನಕ್ಕೆ ಏರುತ್ತಿದ್ದುವು. ಸ್ವಲ್ಪ ಕಾಲದಲ್ಲಿಯೇ ಒಂದು ಸಂಗತಿ ಹೊರಬಿದ್ದಿತು: ಆ ರುಜುವು ಕೃತಕವಾದುದು, ಮೊದಲು ಅಲ್ಲಿದ್ದ ಬೇರೊಂದು ರುಜುವನ್ನು ಕೆರೆದುಹಾಕಿ ಅದರ ಎಡೆಯಲ್ಲಿ ಕೊರೋನ ಹೆಸರನ್ನು ಬರೆದಿದ್ದರು. ನಿಜವಾದ ಕರ್ತೃವು ಪಾಲ್ ದೆಸಿರೇ ತ್ರೂಯ್ಬೇರ್ ಎಂಬ ಚಿತ್ರಕಾರ. ಅವನು ಆಗಿನ್ನೂ ಬದುಕಿಯೇ ಇದ್ದನು. ತನ್ನ ಕೈಯ ಕೆಲಸವು ಪರರ ಹೆಸರಿನಲ್ಲಿ ಮಾರಾಟವಾದುದನ್ನು ತಿಳಿದು ಅವನು ಸುಮ್ಮನಿರಲಿಲ್ಲ. ವಿಷಯವು ನ್ಯಾಯಾಲಯವನ್ನು ಮುಟ್ಟಿತು. ಪಟವು ಅವನದೆಂದು ಲೋಕಕ್ಕೆಲ್ಲ ಗೊತ್ತಾಯಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ತ್ರೂಯ್ಬೇರನು ಕಪಟಿಯಲ್ಲ. ಅವನು ತನ್ನ ಪಟವನ್ನು ಬರೆದು, ತನ್ನ ಹೆಸರನ್ನೇ ಹಾಕಿ, ತನ್ನದೆಂದೇ ಕೊಟ್ಟಿದ್ದನು. ನಡುವೆ ಯಾರದೋ ಚೂರಿಯ ಅಲಗು ಆಡಿತು. ಆದುದರಿಂದ ಚಿತ್ರವು ಸುಳ್ಳಲ್ಲ. ಹೆಸರು ಮಾತ್ರ ಸುಳ್ಳು. ನಿನ್ನೆಯವರೆಗೆ ಗೋಡೆಯ ಮೇಲೆ ಕೊಂಡಾಡಿಸಿಕೊಳ್ಳುತ್ತಿದ್ದ ಪಟದಲ್ಲಿ ಒಂದು ಎಲೆಯೂ ಬದಲಾಗಲಿಲ್ಲ, ಒಂದು ಹನಿ ನೀರೂ ಬತ್ತಲಿಲ್ಲ. ಬದಲಾದುದು ಕೆಲವು ಅಕ್ಷರಗಳು. ಹಾಗಾದರೆ ನಿನ್ನೆ ಕೊಂಡಾಡಿದವರು ಏನನ್ನು ಕೊಂಡಾಡುತ್ತಿದ್ದರು?

ಇದಕ್ಕೆ ಉತ್ತರ ಹೇಳುವ ಮುನ್ನ ಕೊರೋ ಯಾರೆಂಬುದನ್ನು ತಿಳಿಯಬೇಕು. ಜಾನ್ ಬಾಪ್ತಿಸ್ತ್ ಕಮೀಯ್ ಕೊರೋ ೧೭೯೬ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ ೧೮೭೫ರಲ್ಲಿ ಅಲ್ಲಿಯೇ ತೀರಿಕೊಂಡನು. ಪ್ರಾಯದಲ್ಲಿ, ೧೮೨೫ರಿಂದ ೧೮೨೮ರ ವರೆಗೆ, ಇಟಲಿಯಲ್ಲಿದ್ದು ಬಿಸಿಲಿನಲ್ಲಿ ಕುಳಿತು ಬೆಟ್ಟ, ಸೇತುವೆ, ಹಾಳುಗೋಡೆಗಳನ್ನು ಕಂಡಂತೆಯೇ ಬರೆದನು. ೧೮೨೬ರ ‘ನಾರ್ನಿಯ ಸೇತುವೆ’ ಎಂಬ ಅವನ ಅಭ್ಯಾಸಚಿತ್ರದಲ್ಲಿ ಬೆಳಕು ನಿಚ್ಚಳ, ನೆರಳು ಖಚಿತ. ಅನಂತರ ಫ್ರಾನ್ಸಿನ ಹಳ್ಳಿಗಳಲ್ಲಿಯೂ, ಫೊಂತೇನ್‌ಬ್ಲೋ ಎಂಬ ಅರಣ್ಯದಲ್ಲಿಯೂ, ಕೆರೆ ಹೊಳೆಗಳ ದಡಗಳಲ್ಲಿಯೂ ಅಲೆದಾಡಿದನು. ಮುಪ್ಪಿನಲ್ಲಿ ಅವನ ಶೈಲಿಯು ಮೃದುವಾಯಿತು. ಕಂಡುದನ್ನು ಅಲ್ಲಿಯೇ ಬರೆಯುವುದನ್ನು ಬಿಟ್ಟು, ಮನೆಗೆ ಬಂದು, ನೆನಪಿನಲ್ಲಿ ಸೋಸಿ, ಉಳಿದುದನ್ನು ಬರೆಯತೊಡಗಿದನು. ಅಂತಹ ಪಟಗಳಿಗೆ ‘ನೆನಪು’ ಎಂದೇ ಹೆಸರಿಟ್ಟನು.

ಅವುಗಳಲ್ಲಿ ಪ್ರಸಿದ್ಧವಾದುದು ‘ಮೋರ್ತ್‌ಫೊಂತೇನಿನ ನೆನಪು’. ೧೮೬೪ರ ಪ್ಯಾರಿಸ್ ಚಿತ್ರಪ್ರದರ್ಶನದಲ್ಲಿ ಇದನ್ನು ಸರ್ಕಾರದವರೇ ಕೊಂಡರು. ಈಗ ಲೂವ್ರ್ ಚಿತ್ರಶಾಲೆಯಲ್ಲಿದೆ. ಇದರ ಅಚ್ಚಿನ ಪ್ರತಿಯನ್ನು ನಾನು ಅನೇಕ ವರ್ಷಗಳಿಂದ ನೋಡುತ್ತಿದ್ದೇನೆ. ಬಲಗಡೆಯಲ್ಲಿ ಒಂದು ಹೆಮ್ಮರ. ಅದರ ಎಲೆಯ ರಾಶಿಯು ಎಡಕ್ಕೆ ಬಾಗಿ ಆಕಾಶವನ್ನು ಅರ್ಧ ಮುಚ್ಚಿರುವುದು. ಎಡಗಡೆಯಲ್ಲಿ ಎಲೆಯುದುರಿದಂತಿರುವ ಒಂದು ಬಡಕಲು ಮರ. ಒಬ್ಬ ಹೆಂಗಸು ಅದರ ಕೊಂಬೆಗೆ ಕೈಯೆತ್ತಿ ನಿಂತಿದ್ದಾಳೆ. ಬಳಿಯಲ್ಲಿ ಇಬ್ಬರು ಮಕ್ಕಳು. ಹಿಂದೆ ನಿಶ್ಚಲವಾದ ಕೆರೆ. ಆಚೆಯ ದಡವು ನೀರಿನಲ್ಲಿ ಬಿದ್ದು, ದಡ ಯಾವುದು ನೆರಳು ಯಾವುದು ಎಂಬುದನ್ನು ಮಂಜು ಮರೆಸಿರುವುದು. ಬಣ್ಣಗಳು ಬಹು ಸ್ವಲ್ಪ: ಬೆಳ್ಳಿಯಂತಹ ಬೂದು, ಮಾಸಿದ ಹಸುರು, ಕಂದು. ಆದರೆ ಆ ಬೂದುಬಣ್ಣದ ಒಳಗೆಯೇ ಎಷ್ಟು ಮೆಟ್ಟಲುಗಳು! ದೂರವನ್ನು ಅವನು ಬಣ್ಣದಿಂದ ತೋರಿಸುವುದಿಲ್ಲ. ಬೆಳಕಿನ ಒಂದೊಂದು ಮಾತ್ರೆಯನ್ನು ಇಳಿಸುತ್ತ ತೋರಿಸುತ್ತಾನೆ. ವೀಣೆಯಲ್ಲಿ ಒಂದೇ ತಂತಿಯ ಮೇಲೆ ಬೆರಳನ್ನು ಜಾರಿಸಿ ಸ್ವರದಿಂದ ಸ್ವರಕ್ಕೆ ಹೋಗುವ ವೈಣಿಕನಂತೆ ಅವನ ಕುಂಚವು ಸಂಚರಿಸುವುದು.

ಇಂತಹವನ ಹೆಸರಿನಲ್ಲಿ ಸುಳ್ಳು ಪಟಗಳು ಹುಟ್ಟಿದುದು ಆಶ್ಚರ್ಯವಲ್ಲ. ಅದಕ್ಕೆ ಅವನ ಔದಾರ್ಯವೂ ಒಂದು ಕಾರಣ. ಕಣ್ಣು ಮಂದವಾಗಿ ಬಡತನದಲ್ಲಿದ್ದ ದೋಮಿಯೇ ಎಂಬ ಚಿತ್ರಕಾರನಿಗೆ ಮನೆಯನ್ನು ಒದಗಿಸಿದವನು ಕೊರೋ. ರೈತರ ಚಿತ್ರಗಳನ್ನು ಬರೆದ ಮಿಲೇ ತೀರಿಕೊಂಡಾಗ ಅವನ ವಿಧವೆಗೆ ಹತ್ತು ಸಾವಿರ ಫ್ರಾಂಕುಗಳನ್ನು ಕೊಟ್ಟವನೂ ಅವನೇ. ಶಿಷ್ಯರಿಗೆ ತನ್ನ ಪಟಗಳನ್ನು ನಕಲು ಮಾಡಲು ಕೊಡುತ್ತಿದ್ದನು. ಅವರ ಪಟಗಳನ್ನು ತಿದ್ದುತ್ತಿದ್ದನು. ಕಷ್ಟದಲ್ಲಿರುವವನ ಪಟಕ್ಕೆ ತನ್ನ ರುಜುವನ್ನು ಹಾಕಿಕೊಟ್ಟುದೂ ಉಂಟೆಂದು ಹೇಳುವರು. ಹೀಗಾಗಿ ನಿಜವಾದ ರುಜುವಿನ ಕೆಳಗೆ ಪರರ ಪಟವೂ, ನಿಜವಾದ ಪಟದ ಮೇಲೆ ಸುಳ್ಳು ರುಜುವೂ ಇರಬಹುದಾಯಿತು. ಜೂಸೋಮ್ ಎಂಬ ಒಬ್ಬ ಸಂಗ್ರಾಹಕನು ೧೯೨೩ರಲ್ಲಿ ತೀರಿಕೊಂಡಾಗ ಅವನ ಮನೆಯಲ್ಲಿ ಕೊರೋನ ಹೆಸರಿನ ಎರಡು ಸಾವಿರಕ್ಕೂ ಮೀರಿದ ಕೃತಿಗಳು ದೊರೆತುವು, ಎಲ್ಲವೂ ಸುಳ್ಳು. ಆ ಮನುಷ್ಯನು ತನ್ನ ಭಂಡಾರವನ್ನು ನೋಡಿ ಎಷ್ಟು ಸಂತೋಷಪಟ್ಟಿದ್ದನೋ! ಆ ಸಂತೋಷವೂ ಸುಳ್ಳೆಂದು ಹೇಳಲು ಯಾರಿಗೆ ಸಾಧ್ಯ?

ಇನ್ನು ಕರ್ತೃನಿರ್ಣಯದ ಸಾಧನಗಳನ್ನು ನೋಡೋಣ. ನೈಯಾಯಿಕರು ಹೇಳುವ ಪ್ರಮಾಣಗಳಲ್ಲಿ ಶಬ್ದ, ಅನುಮಾನ, ಪ್ರತ್ಯಕ್ಷ ಈ ಮೂರೂ ಇಲ್ಲಿ ಕೆಲಸಮಾಡುತ್ತವೆ.

ಶಬ್ದಪ್ರಮಾಣವೆಂದರೆ ಬಲ್ಲವರ ಮಾತು. ಆಲ್ಫ್ರೆಡ್ ರೋಬೋ ಎಂಬಾತನು ಕೊರೋನ ಕೃತಿಗಳನ್ನೆಲ್ಲ ಹುಡುಕಿ ಪಟ್ಟಿಮಾಡಿದನು. ಅದು ೧೯೦೫ರಲ್ಲಿ ಪ್ರಕಟವಾಯಿತು. ಇಂದಿಗೂ ಮೊದಲು ನೋಡುವುದು ಆ ಪಟ್ಟಿಯನ್ನೇ. ಆದರೆ ಆಪ್ತನು ಆಪ್ತನಾಗಿರುವ ವರೆಗೆ ಮಾತ್ರ ಆಪ್ತವಾಕ್ಯಕ್ಕೆ ಬೆಲೆ. ಮಿಲೇಯ ಮೊಮ್ಮಗನೇ ಒಬ್ಬ ಜೊತೆಗಾರನಿಂದ ಸುಳ್ಳು ಪಟಗಳನ್ನು ಬರೆಯಿಸಿ, ತಾತನ ಹೆಸರಿನಲ್ಲಿ ಮಾರಿದ ವಂಚನೆಯು ೧೯೩೦ರ ಸುಮಾರಿನಲ್ಲಿ ಬಯಲಾಯಿತು. ವಂಶದವನ ಸಾಕ್ಷ್ಯವಿದೆಯೆಂದು ನಂಬಿದವರು ಹಣ ಕಳೆದುಕೊಂಡರು. ರುಜುವೂ ಒಂದು ಬಗೆಯ ಶಬ್ದವೇ. ನಮ್ಮ ವಚನಗಳಲ್ಲಿ ಅಂಕಿತವೊಂದನ್ನೇ ನಂಬಿದರೆ ಪ್ರಕ್ಷಿಪ್ತಗಳೂ ಒಳಗೆ ನುಸುಳುವುವೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿದೇ ಇದೆ. ಡ್ಯೂಮಾನನ್ನು ಕೆಡಿಸಿದುದೂ ಅಂತಹ ಅಂಕಿತವೇ.

ಎರಡನೆಯದು ಅನುಮಾನ. ‘ಇದು ಕೊರೋನ ಪಟ, ಏಕೆಂದರೆ ಇಲ್ಲಿ ಬೆಳ್ಳಿಯ ಮಂಜು ಇದೆ’ ಎಂದು ಕೊಳ್ಳುವವರು ಹೇಳುತ್ತಿದ್ದರು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬಂತೆ ಎಲ್ಲೆಲ್ಲಿ ಮಂಜೋ ಅಲ್ಲಲ್ಲಿ ಕೊರೋ! ಆದರೆ ಈ ವ್ಯಾಪ್ತಿಯು ನಿಲ್ಲುವುದಿಲ್ಲ. ತ್ರೂಯ್ಬೇರನ ಪಟಗಳಲ್ಲಿಯೂ ಮಂಜು ಇರುವುದರಿಂದ ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ. ಕೊರೋ ಇಟಲಿಯಲ್ಲಿ ಬರೆದ ನಿಚ್ಚಳವಾದ ಚಿತ್ರಗಳಲ್ಲಿ ಮಂಜು ಇಲ್ಲದಿರುವುದರಿಂದ ಅವ್ಯಾಪ್ತಿ ದೋಷ. ಮಂಜನ್ನೇ ನಂಬಿದವನು ಪರರದನ್ನು ಒಳಗೆ ಸೇರಿಸಿಕೊಳ್ಳುವನು. ನಿಜವಾದುದನ್ನು ಹೊರಗೆ ತಳ್ಳುವನು. ಎದ್ದು ಕಾಣುವ ಲಕ್ಷಣವೇ ಅನುಕರಣಕ್ಕೆ ಸುಲಭವಾದುದು. ಅದರಿಂದಲೇ ಅದು ದುರ್ಬಲವಾದ ಹೇತು.

ಈ ರಹಸ್ಯವನ್ನು ಕಂಡವನು ಇಟಲಿಯ ಜೊವಾನ್ನಿ ಮೊರೆಲ್ಲಿ ಎಂಬ ವೈದ್ಯಶಾಸ್ತ್ರಜ್ಞ. ಚಿತ್ರಕಾರನು ಎಚ್ಚರದಿಂದ ಬರೆದ ಮುಖಭಾವವನ್ನು ನೋಡಬೇಡಿ; ಎಚ್ಚರವಿಲ್ಲದೆ, ಅಭ್ಯಾಸಬಲದಿಂದ ಬರೆದ ಕಿವಿಯನ್ನೂ ಉಗುರನ್ನೂ ನೋಡಿರಿ; ಅಲ್ಲಿ ಅವನ ಕೈಯು ಸಿಕ್ಕಿಬೀಳುವುದು ಎಂಬುದು ಅವನ ಮತ. ಹೆಸರುಗಳ ಸತ್ಯವನ್ನು ಶೋಧಿಸಿದ ಈತನು ೧೮೭೪ರಿಂದ ತನ್ನ ಲೇಖನಗಳನ್ನು ಪ್ರಕಟಿಸಿದುದು ಮಾತ್ರ ಒಂದು ರಷ್ಯನ್ ಸುಳ್ಳು ಹೆಸರಿನಲ್ಲಿ! ಗ್ರಾಮದೃಶ್ಯದಲ್ಲಿ ಕಿವಿ ಉಗುರುಗಳಿಲ್ಲ. ಅಲ್ಲಿ ಎಲೆಗಳೇ ಕಿವಿಗಳು, ಕೊಂಬೆಯ ಕವಲುಗಳೇ ಉಗುರುಗಳು. ಕೊರೋನ ಎಲೆಗಳು ಗರಿಯಂತೆ ಹಗುರ. ಅಂಚು ಆಕಾಶದಲ್ಲಿ ಕರಗುವುದು. ತ್ರೂಯ್ಬೇರನಲ್ಲಿ ಅಂಚು ಇನ್ನಷ್ಟು ಖಚಿತ, ಹಸುರು ಇನ್ನಷ್ಟು ಹಸುರು, ನೀರಿನ ಮೇಲಿನ ಬೆಳಕು ಇನ್ನಷ್ಟು ಬಿಚ್ಚುಬಿಳಿ.

ರಸಾಯನಶಾಸ್ತ್ರವು ನೆರವಾಗುವುದಿಲ್ಲವೇ ಎಂದು ಕೇಳಬಹುದು. ಆಗುವುದು, ಆದರೆ ಒಂದು ಮೇರೆಯ ವರೆಗೆ. ಟೈಟೇನಿಯಂ ಎಂಬ ಲೋಹದಿಂದ ಮಾಡಿದ ಬಿಳುಪು ಚಿತ್ರಕಾರರ ಕೈಗೆ ಬಂದುದು ೧೯೨೦ರ ಸುಮಾರಿಗೆ. ಪಟದ ಮೂಲಲೇಪದಲ್ಲಿಯೇ ಅದು ಕಂಡುಬಂದರೆ ೧೮೭೫ರಲ್ಲಿ ತೀರಿಕೊಂಡವನು ಅದನ್ನು ಬರೆದಿರುವುದು ಅಸಂಭವ. ಲೇಪವು ಹಳೆಯದಾಗಿ ಬಿರಿದ ಮೇಲೆ ರುಜು ಹಾಕಿದ್ದರೆ ಅದರ ಬಣ್ಣವು ಬಿರುಕುಗಳೊಳಗೆ ಇಳಿದಿರುವುದು; ಭೂತಕನ್ನಡಿಯಲ್ಲಿ ಇದನ್ನು ಕಾಣಬಹುದು. ಆದರೆ ತ್ರೂಯ್ಬೇರನು ಕೊರೋನ ಕಾಲದವನೇ. ೧೮೪೧ರಲ್ಲಿ ಹೊಸದಾಗಿ ಬಂದ ತವರದ ಕೊಳವೆಗಳ ಬಣ್ಣವನ್ನು ಇಬ್ಬರೂ ಬಳಸಬಹುದಾಗಿತ್ತು. ಅಂತಹ ಅಂಗಡಿಗಳ ಅಂತಹ ಬಟ್ಟೆಯ ಮೇಲೆಯೇ ಇಬ್ಬರೂ ಬರೆದರು. ರುಜುವಿನ ಕಪಟವನ್ನು ಪರೀಕ್ಷೆಯು ಹಿಡಿದುಕೊಟ್ಟೀತು. ಕೈಯ ಭೇದವನ್ನು ಹೇಳಲಾರದು. ಕಡೆಗೆ ಉಳಿಯುವುದು ಪ್ರತ್ಯಕ್ಷ, ಅಂದರೆ ಬಹುಕಾಲ ನೋಡಿ ಪಳಗಿದ ಕಣ್ಣು. ರತ್ನಪರೀಕ್ಷಕನ ಜ್ಞಾನವು ಶಾಸ್ತ್ರ ಓದಿದ ಮಾತ್ರದಿಂದ ಬರುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಕರ್ತೃನಿರ್ಣಯವಾಯಿತು, ಪಟವು ತ್ರೂಯ್ಬೇರನದು. ಗುಣನಿರ್ಣಯ?

ಬೆಲೆಯು ಗುಣಕ್ಕೆ ಸಾಕ್ಷಿಯಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಿಲೇ ಬರೆದ, ಸಂಜೆಯ ಗಂಟೆಯನ್ನು ಕೇಳಿ ಹೊಲದಲ್ಲಿ ತಲೆಬಾಗಿ ನಿಂತ ರೈತ ದಂಪತಿಗಳ ಪಟವು ೧೮೬೦ರಲ್ಲಿ ಸುಮಾರು ಸಾವಿರ ಫ್ರಾಂಕಿಗೆ ಮಾರಾಟವಾಯಿತು. ಅದೇ ಪಟವು ೧೮೮೯ರ ಹರಾಜಿನಲ್ಲಿ ಐದು ಲಕ್ಷ ಐವತ್ತಮೂರು ಸಾವಿರಕ್ಕೆ ಹೋಯಿತು. ಪಟವೂ ಅದೇ, ಹೆಸರೂ ಅದೇ. ಹೆಚ್ಚಿದುದು ಗುಣವಲ್ಲ, ಗಿರಾಕಿಗಳು.

ಹಾಗಾದರೆ ಹೆಸರಿಗೂ ಗುಣಕ್ಕೂ ಸಂಬಂಧವೇ ಇಲ್ಲವೇ? ಇದೆಯೆಂದೇ ನನ್ನ ಮತ. ಈ ವಿಷಯದಲ್ಲಿ ನಮಗೆ ದಾರಿ ತೋರಿಸತಕ್ಕವನು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನಾಚಾರ್ಯ. ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಅವನು ಇಬ್ಬರು ಕವಿಗಳ ನಡುವಣ ಸಂವಾದ, ಅಂದರೆ ಹೋಲಿಕೆ, ಮೂರು ಬಗೆಯೆನ್ನುತ್ತಾನೆ. ಕನ್ನಡಿಯ ಪ್ರತಿಬಿಂಬದಂತಹುದು ಒಂದು. ಚಿತ್ರದಲ್ಲಿ ಬರೆದ ಆಕಾರದಂತಹುದು ಎರಡನೆಯದು. ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತಹುದು ಮೂರನೆಯದು. ಮೊದಲನೆಯದಕ್ಕೆ ತನ್ನದೆಂಬ ಆತ್ಮವೇ ಇಲ್ಲ. ಎರಡನೆಯದಕ್ಕೆ ಇದ್ದರೂ ಅದು ತುಚ್ಛ. ಇವೆರಡನ್ನೂ ಕವಿಯು ಬಿಡಬೇಕು. ಮೂರನೆಯದಕ್ಕೆ ತನ್ನದೇ ಆದ ಆತ್ಮವಿರುವುದರಿಂದ ಅದನ್ನು ಬಿಡಬೇಕಾಗಿಲ್ಲ. ಅಣ್ಣನನ್ನು ಹೋಲುತ್ತಾನೆಂದು ತಮ್ಮನನ್ನು ಯಾರೂ ಮನೆಯಿಂದ ಹೊರಗೆ ಹಾಕುವುದಿಲ್ಲವಷ್ಟೆ.

ಈ ಒರೆಗಲ್ಲಿಗೆ ನಮ್ಮ ಪಟಗಳನ್ನು ಉಜ್ಜೋಣ. ಜೂಸೋಮನ ಭಂಡಾರದಲ್ಲಿದ್ದಂತಹವು ಪ್ರತಿಬಿಂಬಗಳು. ಕನ್ನಡಿಯನ್ನು ತೆಗೆದರೆ ಅವು ಇಲ್ಲ. ತ್ರೂಯ್ಬೇರನ ಪಟಗಳಲ್ಲಿ ಕೊರೋನ ಮಂಜನ್ನೇ ಮುಂದುಮಾಡಿದವು ಎರಡನೆಯ ವರ್ಗಕ್ಕೆ ಸೇರುವುವು. ಕೊರೋ ಆ ಮಂಜನ್ನು ಸಂಪಾದಿಸಿದುದು ಬಹು ವರ್ಷ ನಿಚ್ಚಳವಾದ ಬೆಳಕನ್ನು ಅಭ್ಯಾಸಮಾಡಿದ ಮೇಲೆ. ಏನೇನಿತ್ತೆಂಬುದನ್ನು ಬಲ್ಲವನಾದುದರಿಂದ ಏನನ್ನು ಮರೆಸಬೇಕೆಂಬುದನ್ನೂ ಬಲ್ಲನು. ಅವನ ಮಂಜಿನ ಹಿಂದೆ ಒಂದು ಬೆಟ್ಟವಿರುವುದು. ಸಿದ್ಧವಾದ ಮಂಜನ್ನು ತಂದುಕೊಂಡವನ ಹಿಂದೆ ಮಂಜೇ ಇರುವುದು. ಕರ್ತೃವನ್ನು ತಿಳಿದರೆ ಗುಣದ ಮೇಲೆ ಬೆಳಕು ಬೀಳುವುದೆಂದು ನಾನು ಹೇಳುವುದು ಈ ಅರ್ಥದಲ್ಲಿ. ಹೆಸರು ದೀಪ, ಅದು ವಸ್ತುವನ್ನು ತೋರಿಸುವುದು, ತಾನೇ ವಸ್ತುವಾಗುವುದಿಲ್ಲ.

ಆದರೆ ತ್ರೂಯ್ಬೇರನಲ್ಲಿ ಮೂರನೆಯ ವರ್ಗಕ್ಕೆ ಸೇರುವ ಪಟಗಳೂ ಉಂಟು. ಲ್ವಾರ್ ನದಿಯ ದಡಗಳು, ನಿಂತ ದೋಣಿ, ಅದರಲ್ಲಿ ಬಗ್ಗಿ ಕೆಲಸಮಾಡುವ ಅಂಬಿಗ, ಹಗಲಿನ ತಿಳಿನೀರಿನಲ್ಲಿ ಮರಗಳ ನೆರಳು. ಅಲ್ಲಿ ಕೊರೋನ ಕನಸಿಲ್ಲ. ನದಿಯೊಡನೆ ಬದುಕುವವರ ದಿನಚರಿಯಿದೆ. ಕೊರೋನ ಆಳವಿಲ್ಲ, ಆದರೆ ಸತ್ಯವಿದೆ, ಹಿತವಿದೆ. ಅವನು ಮೊದಲು ಮನುಷ್ಯರ ಭಾವಚಿತ್ರಗಳನ್ನು ಬರೆದು ಅಭ್ಯಾಸವಾದವನು. ಆದುದರಿಂದಲೇ ಆ ಅಂಬಿಗರ ಮೈಯಲ್ಲಿ ಭಾರವಿದೆ. ‘ಕೊರೋನ ಅನುಕಾರಿ’ ಎಂಬ ಒಂದೇ ಮಾತಿನಲ್ಲಿ ಅವನನ್ನು ಮುಗಿಸಿಬಿಡುವುದು ನ್ಯಾಯವಲ್ಲ. ೧೯೦೦ರಲ್ಲಿ ಅವನು ತೀರಿಕೊಂಡನು. ಆದರೆ ಆ ವ್ಯಾಜ್ಯದ ಮೂಲಕವೇ ಅವನನ್ನು ನೆನೆಯುವವರು ಇಂದಿಗೂ ಇದ್ದಾರೆ. ತನ್ನ ಹೆಸರನ್ನು ಉಳಿಸಿಕೊಳ್ಳಲು ಹೋದವನಿಗೆ ಪರರ ಹೆಸರಿನ ನೆರಳೇ ಕಡೆಯ ವರೆಗೂ ಅಂಟಿಕೊಂಡಿತು.

ನಾನು ಇಷ್ಟು ಅನುಕಂಪದಿಂದ ಬರೆಯುವುದಕ್ಕೆ ಕಾರಣವೊಂದುಂಟು. ಅದನ್ನು ಮುಚ್ಚಿಟ್ಟರೆ ಈ ವಿಮರ್ಶೆಯು ಅಪ್ರಾಮಾಣಿಕವಾಗುವುದು. ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ತರಗತಿಗೆ ‘ಹೊಳೆ’ ಎಂಬ ವಿಷಯದ ಮೇಲೆ ಪ್ರಬಂಧವನ್ನು ಬರೆಯಹೇಳಿದೆನು. ಯಾವಾಗಲೂ ಕಡೆಯ ಸಾಲಿನಲ್ಲಿ ಕುಳಿತು, ಯಾವ ಪ್ರಶ್ನೆಗೂ ಉತ್ತರ ಹೇಳದ ಹುಡುಗನೊಬ್ಬನು ಎರಡು ಪುಟ ಬರೆದು ತಂದನು. ಮೋಡ ಮುಸುಕಿದಾಗ ನೀರು ಮೊದಲು ನಡುವೆ ಕಪ್ಪಾಗಿ ಅನಂತರ ದಡದ ಕಡೆಗೆ ಕಪ್ಪಾಗುವುದೆಂದು ಅದರಲ್ಲಿ ಬರೆದಿದ್ದನು. ಓದಿ ನನಗೆ ಬೆರಗಾಯಿತು. ‘ಇದನ್ನು ಎಲ್ಲಿಂದ ಬರೆದುಕೊಂಡೆ?’ ಎಂದೆನು. ‘ನಾನೇ ಬರೆದದ್ದು ಮೇಷ್ಟ್ರೇ’ ಎಂದನು. ನಾನು ನಂಬಲಿಲ್ಲ, ಎಲ್ಲರ ಎದುರಿಗೆ ಕಠಿನವಾಗಿ ಮಾತನಾಡಿ, ಗುಣಸಂಖ್ಯೆಯ ಸ್ಥಾನದಲ್ಲಿ ಸೊನ್ನೆ ಹಾಕಿದೆನು. ಅವನ ತಂದೆ ದೋಣಿ ನಡೆಸುತ್ತಿದ್ದನೆಂಬುದೂ, ಹುಡುಗನು ದಿನವೂ ಬೆಳಗ್ಗೆ ತಂದೆಯೊಡನೆ ಹೊಳೆಯ ಮೇಲೆ ಇರುತ್ತಿದ್ದನೆಂಬುದೂ ನನಗೆ ತಿಳಿಯುವ ಹೊತ್ತಿಗೆ ಅವನು ಶಾಲೆಯನ್ನು ಬಿಟ್ಟಿದ್ದನು. ಬಡತನವೇ ಅದಕ್ಕೆ ಮುಖ್ಯ ಕಾರಣವಾಗಿರಬಹುದು. ನನ್ನ ಮಾತೂ ಒಂದು ಕಾರಣವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಆ ದಿನ ನಾನು ಮಾಡಿದುದೂ ಒಂದು ಕರ್ತೃನಿರ್ಣಯವೇ. ಗುಣವು ಕಣ್ಣಿಗೆ ಕಂಡಿತ್ತು. ಹೆಸರು ಅದಕ್ಕೆ ಹೊಂದಲಿಲ್ಲ. ಆದುದರಿಂದ ಹೆಸರನ್ನೇ ಅಳಿಸಿದೆನು. ಪ್ಯಾರಿಸ್ಸಿನ ಆ ಚೂರಿಯ ಅಲಗಿಗೂ ನನ್ನ ಕೆಂಪು ಶಾಯಿಗೂ ಹೆಚ್ಚಿನ ಭೇದವಿಲ್ಲ. ಅಲ್ಲಿ ಹೆಸರು ಕೆರೆದವನು ಲಾಭಕ್ಕಾಗಿ ಕೆರೆದನು. ನಾನು ವಿದ್ವತ್ತಿನ ಅಹಂಕಾರದಿಂದ ಕೆರೆದೆನು.

ಆದುದರಿಂದ ನನ್ನ ಬಿನ್ನಹವಿಷ್ಟು. ಚಿತ್ರವಾಗಲಿ ಕಾವ್ಯವಾಗಲಿ ಎದುರಿಗೆ ಬಂದಾಗ ಮೊದಲು ಅದನ್ನೇ ನೋಡೋಣ. ನೋಡಿ, ನಮ್ಮ ಮನಸ್ಸು ಹೇಳಿದುದನ್ನು ನೆನಪಿಡೋಣ. ಅನಂತರ ಹೆಸರನ್ನು ವಿಚಾರಿಸೋಣ. ಹೆಸರು ತಿಳಿದ ಮೇಲೆ ಮತ್ತೊಮ್ಮೆ ನೋಡೋಣ. ಹೊಸದಾಗಿ ಕಂಡುದನ್ನು ಸೇರಿಸೋಣ. ಆದರೆ ಮೊದಲು ಕಂಡುದನ್ನು ಅಲ್ಲಗಳೆಯದಿರೋಣ. ‘ಗಬೂರೆಯ ಬುಗ್ಗೆ’ಯನ್ನು ಡ್ಯೂಮಾ ಮೆಚ್ಚಿ ಕೊಂಡ ದಿನ ಅವನ ಕಣ್ಣು ಪೂರ್ತಿಯಾಗಿ ತಪ್ಪಿರಲಿಲ್ಲ, ಅಲ್ಲಿ ಮೆಚ್ಚತಕ್ಕುದೇನೋ ಇದ್ದಿತು. ಅದು ಯಾರದೋ ಅವನಿಗೆ ಸಲ್ಲಲಿ.